ಒಂದು ಲಗ್ನಕ್ಕೆ ಎಷ್ಟು ನೀರು

ಮಾರ್ಚ್ 6, 2016, ರವಿವಾರ
ಉದಗೀರ

ಶಿವಗಂಗಾ ಎಂದು ಹೆಸರಿಟ್ಟುಕೊಂಡು ಅರ್ಧ ತಂಬಿಗೆ ನೀರಿನಲ್ಲಿ ಮುಖ ತೊಳೆಯುವ ಹೆಣ್ಣು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ನಲ್ಲಿ ಯಾವಾಗ ಬಂದಿತ್ತು ಎಂದು ಕೇಳಿದರೆ ಅವ್ವ, "ಸಂಕ್ರಾಂತಿ ಮುಂದ ಒಮ್ಮಿ ಬಂದಿತ್ತು ನೋಡು" ಎಂದು ದೂರದ ನೆಂಟರ ಸುದ್ದಿ ಹೇಳಿದ ಹಾಗೆ ಹೇಳುತ್ತಾಳೆ.

ಇಂದು ನಿಜವಾದ ನೆಂಟರೇ ಬಂದಿದ್ದರು, ಗುಂಜೋಟಿಯಿಂದ, ನನ್ನನ್ನು ನೋಡಲಿಕ್ಕೆ. ಹುಡುಗನ ಹೆಸರು ವೈಜಿನಾಥ. ನಿಲಂಗಾದಲ್ಲಿ ಸರಕಾರಿ ಜನಾವರ ಡಾಕ್ಟರು. ಈಗ ಹಗಲೆಲ್ಲ ಬರಗಾಲದ ದನಗಳನ್ನು ಕಟ್ಟುವ ಮೇವಿನ ಛಾವಣಿಯಲ್ಲೇ ಇರುತ್ತಾರಂತೆ. ಅಂಗಿಯ ತೋಳಿಗೆ ಜೋಳದ ಕಣಿಕೆಯ ಎಸಳೊಂದು ಅಂಟಿತ್ತು. ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಈ ಸಂಬಂಧ ತಂದವರು ತುರೋರಿಯ ಕಲ್ಯಾಣಪ್ಪ ಮಾವ. ಅವರು ಅವ್ವನ ತಮ್ಮ, ಅಂದರೆ ನನಗೆ ಸೋದರಮಾವ. ಆ ಹುಡುಗನ ಸೋದರತ್ತೆ ಪ್ರಯಾಗಬಾಯಿಯ ಗಂಡನೂ ಅವರೇ. ಹಾಗಾಗಿ ಎರಡೂ ಕಡೆಯಿಂದ ತಲೆಯಾಡಿಸಿ ಇಬ್ಬರ ಪರವಾಗಿಯೂ ತಾವೇ ಮಾತಾಡಿದರು.

ಹುಡುಗನ ತಾಯಿ ಶೇವಂತಾಬಾಯಿ ನನ್ನನ್ನು ಕೇಳಿದರು: "ಏನ್ ಓದ್ಲತ್ತೀ ತಂಗಿ?"

"ಪಿಎಚ್.ಡಿ. ರೀ. ಕಂಪ್ಯೂಟರ್ ಪ್ರೋಗ್ರಾಂ ಓಡಸದೇನೇ ಅದಕ್ಕ ಎಷ್ಟ ಮೆಮೊರಿ ಬೇಕಾಗ್ತದಂತ ಮದಲೇ ಹೇಳೂದ್ರೀ."

"ಹಂಗಾರ ನೀರಿಂದೂ ಹೇಳ್ತೀ ಏನು?"

ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಧಾನ್ಯದ ಪೇಟೆ ಮೋಂಢಾದಲ್ಲಿ ಬೇಳೆ ವ್ಯಾಪಾರ ಮಾಡುವ ಮನುಷ್ಯ, ಯಾವ ಮಾತನ್ನೂ ಸುಮ್ಮನೆ ಬಿಡುವವನಲ್ಲ.

ಒಲ್ಲೆ ಎನ್ನಲು ಕಾರಣ ಸಿಗಲಿಲ್ಲ, ಹೂಂ ಎನ್ನಲು ಉತ್ಸಾಹ ಇರಲಿಲ್ಲ. ಹೂಂ ಎಂದೆ. ಬಸವ ಜಯಂತಿಗೆ, ಮೇ ಒಂಬತ್ತಕ್ಕೆ, ಲಗ್ನ ಎಂದು ನಿಂತಿತು. ಮೇ ಕೊನೆಗೆ ವಿದ್ಯಾಪೀಠದಲ್ಲಿ ನನ್ನ ಸೆಮಿನಾರ್ ಇದೆ. ನನ್ನ ಸಿದ್ಧಾಂತವೋ ಕುಂಟುತ್ತಿದೆ. ಲಗ್ನ ಏನಾದರೊಂದು ನೆಪದಿಂದ ದೀಪಾವಳಿಯಾಚೆ ಹೋದರೆ ನನ್ನಷ್ಟು ಸುಖಿ ಯಾರು?

ಮಾರ್ಚ್ 10, ಗುರುವಾರ

ಕುಂಟುವುದು ಎಲ್ಲಿ ಎಂದು ಬರೆದಿಟ್ಟರಾದರೂ ಹೊಳೆಯಬಹುದು.

ಪ್ರೋಗ್ರಾಮಿನೊಳಗೆ ಒಂದರ ಹಿಂದೊಂದು ಆಬ್ಜೆಕ್ಟ್‌ಗಳು ಹುಟ್ಟುತ್ತವೆ, ಪ್ರತಿಯೊಂದೂ ಮೆಮೊರಿಯಲ್ಲಿ ಜಾಗ ಕೇಳುತ್ತದೆ. ನನ್ನ ಉಪಾಯ ಇಷ್ಟೇ: ಹುಟ್ಟುವಾಗಲೇ ಪ್ರತಿ ಆಬ್ಜೆಕ್ಟಿನ ಕೈಗೆ ತುಂಬಿದ ತಂಬಿಗೆ ಕೊಟ್ಟಂತೆ ಕಲ್ಪಿಸುವುದು. ಮುಂದೆ ಅದರ ಕೆಲಸಕ್ಕೆ ಹೆಚ್ಚು ಮೆಮೊರಿ ಬೇಕಾದಾಗ ಆ ತಂಬಿಗೆಯಿಂದಲೇ ತೆಗೆಯಬೇಕು, ಬೇರೆ ಕೇಳಬಾರದು. ತಂಬಿಗೆಗಳನ್ನೆಲ್ಲ ಮೊದಲಿಗೆ ತುಂಬಿಸಲು ಎಷ್ಟು ಬೇಕೋ ಅದೇ ಆ ಪ್ರೋಗ್ರಾಮಿನ ಮೇಲ್ಮಿತಿ. ಏನೇ ಆದರೂ ಅದನ್ನು ದಾಟಬಾರದು.

ದಿಗಂಬರ ಸರ್ ಕೊಟ್ಟ ಒಂದು ಚಿಕ್ಕ ಪ್ರೋಗ್ರಾಂ ದಾಟಿಬಿಟ್ಟಿತು. ಅವರು ನನ್ನ ಮಾರ್ಗದರ್ಶಕರು, ನಾಂದೇಡದವರು, ಬೈಯುವಾಗಲೂ ಮೆಲ್ಲಗೆ ಬೈಯುತ್ತಾರೆ. "ಸಾಲಾಗಿ ನಿಂತ ಆಬ್ಜೆಕ್ಟ್‌ಗಳು. ಪ್ರತಿಯೊಂದನ್ನೂ ಮುಂದಿನವನೂ ಹಿಡಿದಿದ್ದಾನೆ, ಹಿಂದಿನವನೂ ಹಿಡಿದಿದ್ದಾನೆ. ನಿಮ್ಮ ಲೆಕ್ಕ ಸಾಕು ಅಂತು. ಓಡಿಸಿದರೆ ಸಾಲಲಿಲ್ಲ. ಸಾಲದ್ದನ್ನು ಸಾಕು ಎನ್ನುವ ಲೆಕ್ಕ ಲೆಕ್ಕವೇ ಅಲ್ಲ," ಎಂದರು ಮರಾಠಿಯಲ್ಲಿ. ನಾಲ್ಕು ವಾರಗಳಿಂದ ಹುಡುಕುತ್ತಿದ್ದೇನೆ. ತಪ್ಪು ಸಿಗುತ್ತಿಲ್ಲ.

ಮಾರ್ಚ್ 13, ರವಿವಾರ

ಅಪ್ಪ ಬಿಡಲಿಲ್ಲ.

ಲಗ್ನ ಗುಂಜೋಟಿಯಲ್ಲಿ ಅವರ ಅಂಗಳದಲ್ಲಿ, ನಮ್ಮ ಕಡೆಯವರ ಬಿಡಾರ ಅಲ್ಲಿನ ಶಾಲೆಯಲ್ಲಿ. ಊರಲ್ಲಿ ಕುಡಿಯುವುದಕ್ಕೇ ನೀರಿಲ್ಲವಾದ್ದರಿಂದ, ಅವರ ಮಂದಿಯ ನೀರು ಅವರು ತರಬೇಕು, ನಮ್ಮ ಮಂದಿಯ ನೀರು ನಾವು ಒಯ್ಯಬೇಕು ಎಂದು ಒಪ್ಪಂದ. ಹಿಂದೆ ಲಗ್ನಕ್ಕೆ ಬೆಳ್ಳಿ ಬಟ್ಟಲು ಒಯ್ಯುತ್ತಿದ್ದರು. ಈಗ ನೀರು.

"ಎಷ್ಟ ಬೇಕಂತ ನೀನೇ ಹೇಳು," ಎಂದ ಅಪ್ಪ. "ನೀ ಹೇಳಿದ್ದು ಹೊಂದಸ್ಲಿಕ್ಕ ಆದ್ರ ಲಗ್ನ. ಆಗಲಿಲ್ಲಂದ್ರ ಮುಂದಿನ ವರ್ಷ. ನಿನ್ನ ಮಾತ ಮ್ಯಾಲ ನನ್ನ ಮಾತಿಲ್ಲ."

ದೇವರು ವರ ಕೊಟ್ಟ ಹಾಗಾಯಿತು. ಮೇಲ್ಮಿತಿ ಎಂದರೆ ಎಲ್ಲಕ್ಕಿಂತ ಕೆಟ್ಟ ದಿನಕ್ಕೂ ಸಾಲಬೇಕು. ಆದ್ದರಿಂದ ಬಂದವರೆಲ್ಲ ಎರಡು ಹೊತ್ತು ಜಳಕ ಮಾಡುತ್ತಾರೆ ಎಂದು ಹಿಡಿದೆ. ಒಬ್ಬರು ಕುಡಿದ ಲೋಟ ಇನ್ನೊಬ್ಬರು ಮುಟ್ಟುವುದಿಲ್ಲ. ಪ್ರತಿ ತಾಟಿಗೂ ಎರಡು ಸಲ ನೀರು. ಪ್ರತಿ ಕೂಸೂ ಹಾಸಿಗೆ ಒದ್ದೆ ಮಾಡುತ್ತದೆ. ನಮ್ಮ ಕಡೆಗೆ ಮಾತ್ರ ಏಳು ಟ್ಯಾಂಕರ್ ಬಂತು.

ಅಪ್ಪನ ಮುಖ ನೋಡಲಾಗಲಿಲ್ಲ. "ಏಳೇನು?" ಎಂದು ಎರಡು ಸಲ ಕೇಳಿದ.

"ಗಣಿತ ಸುಳ್ಳ ಹೇಳಂಗಿಲ್ಲ ಅಪ್ಪಾ," ಎಂದೆ, ಹಾಲು ಕುಡಿಯದ ಬೆಕ್ಕಿನ ಮುಖ ಮಾಡಿಕೊಂಡು. ಒಳಗೊಳಗೇ ಸಕ್ಕರೆ ತಿಂದಷ್ಟು ಖುಷಿ. ನಾಳೆ ಅಪ್ಪ ಗುಂಜೋಟಿಗೆ ಫೋನ್ ಮಾಡುತ್ತಾನೆ.

ಮಾರ್ಚ್ 15, ಮಂಗಳವಾರ

ಗುಂಜೋಟಿಯ ಡಾಕ್ಟರು ನನಗೇ ಫೋನ್ ಮಾಡಿದರು! ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದೆ.

"ನಮಸ್ಕಾರ್ರೀ. ವೈಜಿನಾಥ ಮಾತಾಡ್ಲತ್ತೀನಿ. ಏಳು ಟ್ಯಾಂಕರ್ ಅಂದ್ರೆಂತಲ್ಲ?"

"ಹೌದ್ರೀ. ಬರೋಬರ ಲೆಕ್ಕ ಮಾಡೀನಿ."

"ಅಷ್ಟ ನೀರಾಗ ನನ್ನ ಛಾವಣ್ಯಾಗಿನ ಸಾವಿರ ದನ ಕುಡೀತಾವ. ಲಗ್ನಕ್ಕ ಬರೋ ನಿಮ್ಮ ಪಾವಣೇರು ದನಕ್ಕಿಂತ ಹೆಚ್ಚ ಕುಡೀತಾರೇನು?"

"ದನ ಜಳಕಾ ಮಾಡಂಗಿಲ್ಲಲ್ರೀ."

"ನಾನೂ ಮಾಡಂಗಿಲ್ರೀ. ನಾಕ ದಿನ ಆತು." ಆಮೇಲೆ ಹೇಳಿದರು: "ನಿಮಗ ಲಗ್ನ ಬ್ಯಾಡಾಗಿದ್ರ ಬ್ಯಾಡ ಅನ್ರಿ. ನಾ ಮನ್ಯಾಗ ಹೇಳ್ತೀನಿ, ನಿಮ್ಮ ಹೆಸರ ಬರಂಗಿಲ್ಲ. ನೀರಿನ ಮ್ಯಾಲ ಯಾಕ ಹಾಕ್ತೀರಿ? ಪಾಪ, ಅದು ಮದಲೇ ಇಲ್ಲ."

"ಲಗ್ನ ಬ್ಯಾಡಂತ ಯಾರ ಹೇಳ್ಯಾರ?" ಎಂದುಬಿಟ್ಟೆ, ಅದೂ ದೊಡ್ಡ ದನಿಯಲ್ಲಿ. ಸ್ಟಾಫ್ ರೂಮಿನವರೆಲ್ಲ ಪೇಪರ್ ತಿದ್ದುವುದು ನಿಲ್ಲಿಸಿ ನನ್ನನ್ನೇ ನೋಡಿದರು.

ನನಗೆ ನಾಚಿಕೆಗಿಂತ ಸಿಟ್ಟು ಹೆಚ್ಚು. ಮನುಷ್ಯ ಹೇಳಿದ್ದರಲ್ಲಿ ಒಂದು ಮಾತು ಸರಿ. ದಾಟದ ಮಿತಿ ಹೇಳುವುದು ಸುಲಭ, ಸಮುದ್ರ ಬೇಕು ಎಂದರಾಯಿತು. ಬಿಗಿಯಾಗಿ ಹೇಳುವುದರಲ್ಲಿ ವಿದ್ಯೆ ಇದೆ. ಬಿಗಿ ಮಾಡಿ ತೋರಿಸುತ್ತೇನೆ. ಲಗ್ನಕ್ಕಾಗಿ ಅಲ್ಲ, ಲೆಕ್ಕದ ಮರ್ಯಾದೆಗಾಗಿ.

ಮಾರ್ಚ್ 27, ರವಿವಾರ

ಡಾಕ್ಟರ ಜೊತೆ ನೀರಿನ ಮಾತು ಈಗ ಹೆಚ್ಚುಕಡಿಮೆ ದಿನವೂ. ಎರಡೂ ಕಡೆಯ ಬಳಕೆ ಒಂದೇ ರೀತಿ ಇರಬೇಕಲ್ಲ, ಅದಕ್ಕೆ ಮಾತಾಡಲೇಬೇಕು.

ತಾಟು ಬೇಡ, ಮುತ್ತುಗದ ಪತ್ರಾವಳಿ ಎಂದು ನಿಶ್ಚಯವಾಯಿತು. ತೊಳೆಯುವ ಪ್ರಶ್ನೆಯೇ ಇಲ್ಲ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಅವರ ಎಮ್ಮೆಗಳಿಗೆ. "ಎಮ್ಮಿ ನಿಮ್ಮ ಆಬ್ಜೆಕ್ಟ್‌ಕಿಂತ ಛಲೋರೀ, ಕುಡದದ್ದು ಹಾಲಾಗಿ ತಿರುಗಿ ಕೊಡ್ತದ," ಎಂದರು. ಬಳಸಿ ಬಿಟ್ಟ ಮೆಮೊರಿಯೂ ಮತ್ತೆ ಬಳಕೆಗೆ ಬರುತ್ತದೆ ಎಂದು ನಾನು ಅರ್ಧ ತಾಸು ವಿವರಿಸಿದೆ. ಮಧ್ಯದಲ್ಲಿ ಒಂದು ಸಲವೂ ಆಕಳಿಸಿದ ಸದ್ದು ಕೇಳಲಿಲ್ಲ. ಹಿಂದೆ ದನಗಳು ಕೂಗುತ್ತಿದ್ದವು, ಆದರೂ ಅವರು ನಡುನಡುವೆ ಪ್ರಶ್ನೆ ಕೇಳುತ್ತಿದ್ದರು.

ಹುಗ್ಗಿ ಬಿಡಬೇಕು, ಗೋಧಿ ಬೇಯಲು ನೀರು ಬಹಳ ಎಂದೆ. ಅವರು ಮೆಲ್ಲಗೆ, "ಹುಗ್ಗಿ ಇಲ್ದ ಲಗ್ನ ಅಂದ್ರ..." ಎಂದರು. ಮದುವೆ ಗಂಡಿನ ಕಣ್ಣಲ್ಲಿ ನೀರು ಬಂದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಾದೀತು ಎಂದು ಹುಗ್ಗಿ ಉಳಿಸಿದೆ.

ಏಪ್ರಿಲ್ 8, ಶುಕ್ರವಾರ. ಯುಗಾದಿ

ಬೇವು ಇತ್ತು, ಬೆಲ್ಲ ಇತ್ತು, ಕಲಸಲು ನೀರು ಇದೆಯೇ ಎಂದು ಅವ್ವ ಕೊಡ ಬಗ್ಗಿಸಿ ನೋಡಿದಳು. ತಲೆಗೆ ನೀರು ಹಾಕಿಕೊಂಡು ತಿಂಗಳ ಮೇಲಾಯಿತು. ನನ್ನ ಜಡೆ ಮೋಂಢಾದ ಚೀಲದ ಹುರಿಯಾಗಿದೆ.

ಲೆಕ್ಕ ಬಿಗಿಯಾಗುತ್ತಿದೆ. ಒಂದು ಕಡೆ ಮಾತ್ರ ಸಿಕ್ಕಿಕೊಂಡಿತ್ತು. ಬಾಗಿಲಿಗೆ ಬಂದವರ ಕಾಲಿಗೆ ನೀರು ಕೊಡುವುದನ್ನು ಬಿಡೋಣ ಎಂದು ಡಾಕ್ಟರಿಗೆ ಹೇಳಿದ್ದೆ. ಇವತ್ತು ಶೇವಂತಾಬಾಯಿಯವರೇ ಫೋನ್ ತೆಗೆದುಕೊಂಡರು.

"ನೋಡು ತಂಗಿ, ಮಂದಿ ಬಿಸಲಾಗ ಬಂದಿರ್ತಾರ. ಕಾಲಿಗಿ ನೀರ ಕೊಡ್ಲಿಕ್ಕ ಆಗಲ್ದಾಂವಗ ಲಗ್ನ ಯಾಕ ಬೇಕು? ಜಳಕಾ ಬಿಡಸು, ನಾ ಏನೂ ಅನ್ನಂಗಿಲ್ಲ. ಇದು ಬಿಡಸಬ್ಯಾಡ."

ಸರಿ ಎಂದೆ. ಬಂದವರು ದೊಡ್ಡ ಪರಾತದಲ್ಲಿ ನಿಂತು ಕಾಲು ತೊಳೆಯಲಿ, ಆ ನೀರನ್ನೇ ಚಪ್ಪರದ ನೆಲಕ್ಕೆ ಚಿಮುಕಿಸಿ ಧೂಳು ಕೂಡಿಸೋಣ ಎಂದು ಹೇಳಿದೆ. "ಶಾಣ್ಯಾ ಇದ್ದೀ," ಎಂದು ಫೋನ್ ಇಟ್ಟರು. ಪಿಎಚ್.ಡಿ. ಸಿಕ್ಕರೂ ಇಷ್ಟು ಹಿಗ್ಗುತ್ತೇನೋ ಇಲ್ಲವೋ.

ಏಪ್ರಿಲ್ 12, ಮಂಗಳವಾರ

ಇಂದು ಲಾತೂರಿಗೆ ರೈಲಿನಲ್ಲಿ ನೀರು ಬಂದಿತಂತೆ. ನಮ್ಮ ಮನೆಯಲ್ಲೂ ಹಬ್ಬವೇ: ಲೆಕ್ಕ ಒಂದು ಕಡೆಗೆ ಒಂದೇ ಟ್ಯಾಂಕರಿಗೆ ಇಳಿಯಿತು! ಗುಂಜೋಟಿಯವರದೂ ಒಂದೇ. ಒಟ್ಟು ಎರಡು.

ಅಪ್ಪ ಅಷ್ಟು ಹೊತ್ತಿಗೇ ಯಾರೊಂದಿಗೋ ಮಾತಾಡಿ, "ನಮ್ಮ ನೀರ ಪಕ್ಕಾ ಆತು" ಎಂದ. ಡಾಕ್ಟರೂ "ನಮ್ಮದೂ ಪಕ್ಕಾ" ಎಂದರು. ಎಲ್ಲಿಂದ ಎಂದು ಅವರು ಕೇಳಲಿಲ್ಲ, ನಾವೂ ಕೇಳಲಿಲ್ಲ. ಈ ಬರದಲ್ಲಿ ನೀರು ಎಲ್ಲಿಯದು ಎಂದು ಕೇಳುವುದು ಹೆಣ್ಣುಮಕ್ಕಳ ವಯಸ್ಸು ಕೇಳಿದ ಹಾಗೆ. ಕೇಳಬಾರದು, ಕೇಳಿದರೂ ಯಾರೂ ಹೇಳುವುದಿಲ್ಲ. ಹೇಳಿದ ಮರುದಿನ ಆ ಬಾವಿಯ ಮುಂದೆ ಊರೇ ನಿಂತಿರುತ್ತದೆ. ನಮ್ಮದು ಕಲ್ಯಾಣಪ್ಪ ಮಾವನ ಬೋರಿನದು ಎಂದು ಅವ್ವ ಅಡುಗೆ ಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು.

ಲಗ್ನಪತ್ರಿಕೆ ಅಚ್ಚಿಗೆ ಹೋಯಿತು.

ಏಪ್ರಿಲ್ 21, ಗುರುವಾರ

ದಿಗಂಬರ ಸರ್ ಮತ್ತೆ ಕೇಳಿದರು. ಮತ್ತೆ "ನೋಡುತ್ತಿದ್ದೇನೆ ಸರ್" ಎಂದೆ. ನಿಜ ಹೇಳಬೇಕೆಂದರೆ ಈ ವಾರ ಆ ಕಡೆ ನೋಡಿಲ್ಲ.

ಅಟ್ಟದ ಮೇಲೆ ಎಣ್ಣೆಯ ಖಾಲಿ ಡಬ್ಬಿಗಳು ಬಿದ್ದಿದ್ದವು. ತಿಕ್ಕಿ ಒಣಗಿಸಿದೆ. ನನ್ನ ಪಾಲಿನ ಜಳಕದ ನೀರಿನಲ್ಲಿ ದಿನಕ್ಕೊಂದು ತಂಬಿಗೆ ತೆಗೆದು ಅದಕ್ಕೆ ಸುರಿಯುತ್ತಿದ್ದೇನೆ. ಯಾಕೆಂದು ಅವ್ವ ಕೇಳಿದಳು. ಕಾಲೇಜಿನ ಗಿಡಕ್ಕೆ ಎಂದೆ. ಕಾಲೇಜಿನಲ್ಲಿ ಗಿಡ ಎಲ್ಲಿದೆ ಎಂದು ಅವಳು ಕೇಳಲಿಲ್ಲ, ಪುಣ್ಯ.

ಮೇ 3, ಮಂಗಳವಾರ

ಎಲ್ಲ ಮುಳುಗಿತು. ಮುಳುಗಲು ನೀರಿಲ್ಲದ ಊರಿನಲ್ಲಿ ಮುಳುಗಿತು.

ಸಂಜೆ ವೈಜಿನಾಥ ಅವರ ಫೋನ್. ಖುಷಿಯಲ್ಲಿದ್ದರು. "ನೀರಿಂದ ಚಿಂತಿ ಬಿಡ್ರಿ. ಇವತ್ತ ಟ್ಯಾಂಕರ್ ನಾನೇ ನೋಡಿ ಬಂದೀನಿ. ಹಿಂದಿನ ನಳದ ತೋಟಿ ಒಂದ ಸೋರತದ, ಆದ್ರ ಸೈಕಲ್ ಟ್ಯೂಬ್ ಸುತ್ಯಾರ."

"ನಮ್ಮ ಟ್ಯಾಂಕರಿಂದೂ ಸೋರತದ್ರೀ," ಎಂದೆ. "ಟ್ಯೂಬ್ ಸುತ್ತಿ ಅದರ ಮ್ಯಾಲ ಹಳೀ ಸೀರಿ ಚೂರ ಕಟ್ಯಾರಂತ ಅವ್ವ ಹೇಳ್ಯಾಳ."

ಅವರು ತಟ್ಟನೆ ಕೇಳಿದರು:

"ಯಾವ ಬಣ್ಣದ ಸೀರೀರೀ?"

"ಬದನೀಕಾಯಿ ಬಣ್ಣ. ನಮ್ಮ ಪ್ರಯಾಗಬಾಯಿ ಅತ್ತೀದು."

"ಆಕಿ ನಮ್ಮತ್ತೀರೀ," ಎಂದರು ವೈಜಿನಾಥ, ದನಿ ಸಣ್ಣದಾಗಿತ್ತು. "ಕಲ್ಯಾಣಪ್ಪ ಮಾವನ ಟ್ಯಾಂಕರೇನು ನಿಮ್ಮದು?"

ಎರಡು ಟ್ಯಾಂಕರ್ ಇಲ್ಲ. ಇರುವುದು ಒಂದೇ. ಅವರು ತಮ್ಮ ಮಾವನದು ಎಂದು ಎಣಿಸಿದ್ದಾರೆ, ನಾವು ನಮ್ಮ ಮಾವನದು ಎಂದು ಎಣಿಸಿದ್ದೇವೆ. ಮಾವನ ಬೋರು ಹನಿಹನಿಯಾಗಿ ಎತ್ತುತ್ತದೆ. ಇನ್ನೊಮ್ಮೆ ತುಂಬಿಸಲು ವಾರಕ್ಕೂ ಹೆಚ್ಚು ಬೇಕು. ಬೇರೆ ಕಡೆ ಕೇಳಿ ಅಪ್ಪ ಈಗಷ್ಟೇ ಬಂದ. ಉದಗೀರದಲ್ಲಿ ಇಲ್ಲ, ನಿಲಂಗಾದಲ್ಲಿ ಇಲ್ಲ, ಉಮರ್ಗಾದಲ್ಲಿ ಇರುವ ಟ್ಯಾಂಕರೆಲ್ಲ ಊರುಗಳ ಕುಡಿಯುವ ನೀರಿಗೆ ಓಡುತ್ತಿವೆ. ಅದನ್ನು ಕಸಿದು ಲಗ್ನ ಮಾಡುವುದು ಪಾಪ.

"ಮುಂದಿನ ವರ್ಷ ಮಾಡೂಣು," ಎಂದು ಅಪ್ಪ ಟೋಪಿ ತೆಗೆದಿಟ್ಟ.

ಬೇಡ. ಮುಂದಿನ ವರ್ಷ ಬೇಡ. ಪತ್ರಿಕೆ ಹಂಚಿಯಾಗಿದೆ, ಅದಕ್ಕೆ ಬೇಡ. ಅಳು ಬರುತ್ತಿದೆ. ಈ ವೇಳೆಯಲ್ಲಿ ಅತ್ತು ನೀರು ಕಳೆಯಬಾರದು.

ಮೇ 4, ಬುಧವಾರ

ಬೆಳಿಗ್ಗೆ ಹಲ್ಲುಜ್ಜುತ್ತಾ ಹೊಳೆಯಿತು. ನನ್ನ ಸಿದ್ಧಾಂತದ ಕುಂಟೂ ಇದೇ!

ಒಂದೇ ಆಬ್ಜೆಕ್ಟನ್ನು ಇಬ್ಬರು ಹಿಡಿದಿದ್ದರೆ, ನನ್ನ ನಿಯಮ ಇಬ್ಬರಿಗೂ ಪೂರಾ ತಂಬಿಗೆ ಇದೆ ಎಂದು ಎಣಿಸುತ್ತಿತ್ತು. ಅಳಿಯ ಅಲ್ಲ, ಮಗಳ ಗಂಡ. ಹೆಸರು ಎರಡು, ಮನುಷ್ಯ ಒಬ್ಬ, ಅವನ ಕೈಯಲ್ಲಿರುವುದು ಒಂದೇ ತಂಬಿಗೆ. ಇಬ್ಬರ ಪಾಲು ಕೂಡಿಸಿದರೆ ಒಂದು ತಂಬಿಗೆಗಿಂತ ಹೆಚ್ಚಾಗಬಾರದು ಎಂದು ನಿಯಮ ಬರೆದರೆ ಮುಗಿಯಿತು. ಹಲ್ಲುಜ್ಜಿದ ಬಾಯಲ್ಲೇ ಬರೆದುಕೊಂಡೆ. ಸಾಲಾಗಿ ನಿಂತ ಆ ಪ್ರೋಗ್ರಾಮಿಗೆ ಹಾಕಿ ನೋಡಿದೆ, ಲೆಕ್ಕ ಸರಿಯಾದ ಮಿತಿಯನ್ನೇ ಹೇಳಿತು.

ದಿಗಂಬರ ಸರ್‌ಗೆ ಫೋನ್ ಮಾಡಿದೆ. "ಇಷ್ಟು ಸುಲಭದ್ದು ಮೂರು ತಿಂಗಳು ಕಾಣಲಿಲ್ಲವೇ! ಹೇಗೆ ಹೊಳೆಯಿತು?" ಎಂದರು. ಮಾವನ ಟ್ಯಾಂಕರ್ ಎಂದೆ. ಅವರಿಗೆ ತಿಳಿಯಲಿಲ್ಲ.

ಎರಡು ತಿಂಗಳ ಹಿಂದೆ ಇದು ಸಿಕ್ಕಿದ್ದರೆ ಪೇಢೆ ಹಂಚುತ್ತಿದ್ದೆ. ಇವತ್ತು ಯಾಕೋ ಒಂದು ಲೋಟ ಚಹಾ ಕುಡಿದು ಸುಮ್ಮನಾದೆ. ಸಿದ್ಧಾಂತದಲ್ಲೇನೋ ಪಾಲು ಮಾಡಿದೆ. ಗುಂಜೋಟಿಯಲ್ಲಿ ಅರ್ಧ ಅರ್ಧ ಟ್ಯಾಂಕರಿನಲ್ಲಿ ಏನು ಮಾಡುವುದು? ನಾಳೆ ಎರಡೂ ಮನೆಯವರು ತುರೋರಿಗೆ ಹೋಗುವುದೆಂದಾಗಿದೆ. ಅಪ್ಪ ಲಗ್ನ ಮುಂದೂಡುವ ಮಾತು ಆಡಲಿಕ್ಕೆಂದೇ ಬರುತ್ತಿದ್ದಾನೆ.

ಮೇ 5, ಗುರುವಾರ
ತುರೋರಿ, ಮಾವನ ಮನೆ

ಹೆದ್ದಾರಿಯ ಪಕ್ಕದ ಮನೆ. ಲಾರಿ ಹೋದಾಗಲೆಲ್ಲ ಮಾತು ನಿಲ್ಲಿಸಬೇಕು. ಇವತ್ತಿನ ಜಗಳಕ್ಕೆ ಅದೇ ಒಳ್ಳೆಯದಾಯಿತು.

ಕಲ್ಯಾಣಪ್ಪ ಮಾವನಿಗೆ ತಾನು ಮಾಡಿದ್ದೇನು ಎಂಬುದೇ ತಿಳಿಯಲಿಲ್ಲ. "ಭಾವ ಕೇಳಿದ್ರು, ಕೊಡ್ತೀನಿ ಅಂದೆ. ಶೇವಂತಾಬಾಯಿ ಕೇಳಿದ್ರು, ಕೊಡ್ತೀನಿ ಅಂದೆ. ಲಗ್ನ ಒಂದ, ನೀರ ಒಂದ. ಎರಡ ಅಂತ ನಾ ಯಾವಾಗ ಅಂದೀನಿ?"

"ನಮ್ಮ ಕಡೀಂದು ಅಂದ್ರೆಲ್ಲ ಮಾವಾ," ಎಂದರು ವೈಜಿನಾಥ.

"ನಾ ನಿಮ್ಮ ಕಡೀನೂ ಹೌದಲ್ಲೋ!"

ಒಂದು ಲಾರಿ ಹೋಯಿತು. ಅಪ್ಪ ಗಂಟಲು ಸರಿಮಾಡಿಕೊಂಡು, "ಹಂಗಾರ ಮುಂದಿನ ವರ್ಷ..." ಎಂದು ಶುರು ಮಾಡಿದ. ಇನ್ನೊಂದು ಲಾರಿ ಬಂದು ಆ ಮಾತನ್ನು ನುಂಗಿತು. ಆ ಲಾರಿಯವನು ಎಲ್ಲೇ ಇರಲಿ, ಚೆನ್ನಾಗಿರಲಿ.

ಆ ಗದ್ದಲ ಇಳಿಯುವಷ್ಟರಲ್ಲಿ ನನಗೆ ತೋಚಿತು. ನೀರನ್ನು ಎರಡು ಸಲ ಎಣಿಸಿದವರು ಮಂದಿಯನ್ನು ಬಿಟ್ಟಿರುತ್ತೇವೆಯೇ?

"ಅವ್ವಾ, ನಮ್ಮ ಕಡೀಂದ ಯಾರ್ಯಾರ ಬರ್ಲತ್ತಾರ, ಹೇಳು."

"ಈಗ ಯಾಕವ್ವಾ? ಲಾತೂರದ ಕುಸುಮಬಾಯಿ, ಆಕಿ ಮಕ್ಕಳು ಮೊಮ್ಮಕ್ಕಳು..."

"ಕುಸುಮಬಾಯಿ ನಮ್ಮಾಕಿ," ಎಂದರು ಶೇವಂತಾಬಾಯಿ. "ನಮ್ಮ ಮಂದ್ಯಾಗ ಬಂದ್ಲಲ್ಲ."

"ನನ್ನ ನೆಗೆಣ್ಣಿ ತಂಗಿ ಆಕಿ!"

"ನನ್ನ ಮಾವನ ಮಗಳು ಆಕಿ!"

"ನಿಲಂಗಾದ ಕಾಶೆಪ್ಪ?" ಎಂದು ವೈಜಿನಾಥ ಕೇಳಿದರೋ ಇಲ್ಲವೋ, "ನಮ್ಮಾಂವ" ಎಂದು ಎರಡು ದನಿ ಒಮ್ಮೆಲೇ ಬಂದವು. ಆಮೇಲೆ ನಾವಿಬ್ಬರೂ ಹೆಸರು ಕೂಗುವುದು, ಎರಡೂ ಕಡೆಯವರು ಕೈ ಎತ್ತುವುದು. ತುರೋರಿಯ ಅರ್ಧ ಊರು, ಉಮರ್ಗಾದ ಇಡೀ ಓಣಿ, ಎಲ್ಲ ಎರಡು ಸಲ. ನಾಲ್ಕು ತಲೆಮಾರಿನಿಂದ ಕೊಟ್ಟು ತಂದು ಮಾಡಿದವರಲ್ಲಿ ಬೇರೆ ಯಾರಿರಬೇಕು? ಪ್ರಯಾಗಬಾಯಿ ಅತ್ತೆ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. ಮಾವ ಮಾತ್ರ ಗಂಭೀರ: "ಎಲ್ಲಾರಿಗೂ ಪತ್ರಿಕಿ ಎರಡೆರಡ ಮುಟ್ಯಾವ. ನನಗೂ ಎರಡ ಬಂದಾವ."

ಆದರೂ ಲೆಕ್ಕ ಒಂದು ಟ್ಯಾಂಕರಿಗೆ ಇಳಿಯಲಿಲ್ಲ. ಎರಡು ಬಿಡಾರ, ಎರಡು ಒಲೆ, ಎರಡು ಕಡೆ ಹುಗ್ಗಿ. ಹೆಣ್ಣಿನವರು ಅಕ್ಷತೆಯ ತನಕ ಗಂಡಿನವರ ಒಲೆಯಲ್ಲಿ ಉಣ್ಣಬಾರದು ಎಂಬ ಪದ್ಧತಿ. ಅದನ್ನು ಬಿಡೋಣ ಎಂದು ಹೆಣ್ಣು ಹೇಳುವ ಹಾಗಿಲ್ಲ, ಹೆಣ್ಣಿನ ತಂದೆಯಂತೂ ಹೇಳುವ ಹಾಗೇ ಇಲ್ಲ.

ಶೇವಂತಾಬಾಯಿ ಸೆರಗು ಸರಿಮಾಡಿಕೊಂಡರು. "ಮಾವ ಒಬ್ಬ, ನೀರ ಒಂದ, ಮಂದಿ ಒಂದ. ಒಲಿ ಯಾಕ ಎರಡ? ಎಲ್ಲಾರೂ ನಮ್ಮ ಅಂಗಳದಾಗೇ ಉಣ್ರಿ. ಯಾರರೇ ಏನರೇ ಅಂದ್ರ ನನ್ನ ಹೆಸರ ಹೇಳ್ರಿ."

ಅಪ್ಪ ನನ್ನ ಕಡೆ ತಿರುಗಿದ. "ನಿನ್ನ ಮಾತ ಮ್ಯಾಲ ಮಾತಿಲ್ಲ ಅಂದಿದ್ದೆ. ಹೇಳು. ನೀರ ಸಾಲ್ತದೇನು?"

ಒಂದು ಒಲೆಯ ಲೆಕ್ಕ ಮನಸ್ಸಿನಲ್ಲೇ ಹಾಕಿದೆ. ಸಾಲುತ್ತದೆ, ಆದರೆ ಕೊನೆಯ ಕೊಡದ ತನಕ. ಯಾರಾದರೊಬ್ಬರು ಒಂದು ಬಿಂದಿಗೆ ಚೆಲ್ಲಿದರೆ ಮುಗಿಯಿತು. ಇಂಥ ಮಿತಿಯನ್ನು ನಾನು ಯಾವ ಸೆಮಿನಾರಿನಲ್ಲೂ ಹೇಳಲಾರೆ.

"ಸಾಲ್ತದ," ಎಂದೆ.

ವೈಜಿನಾಥ ನೆಲ ನೋಡುತ್ತಾ ನಗುತ್ತಿದ್ದರು. ಅಂಗಿಯ ತೋಳಿಗೆ ಮತ್ತೆ ಕಣಿಕೆ. ಹೊರಡುವಾಗ ತೆಗೆದುಹಾಕಿದೆ. ಯಾರೂ ನೋಡಲಿಲ್ಲ ಎಂದುಕೊಂಡಿದ್ದೇನೆ.

ಮೇ 9, ಸೋಮವಾರ. ಬಸವ ಜಯಂತಿ
ಗುಂಜೋಟಿ

ಕೈತುಂಬ ಮೆಹಂದಿ, ಬರೆಯಲಾಗುತ್ತಿಲ್ಲ. ಮುಗಿಯಿತು. ನೀರು ಸಾಲಿತು!

ಮೇ 11, ಬುಧವಾರ
ಗುಂಜೋಟಿ

ಲಗ್ನದ ದಿನ ಬೆಳಿಗ್ಗೆ ಟ್ಯಾಂಕರ್ ಅಂಗಳಕ್ಕೆ ಬಂದಾಗ ಬ್ಯಾಂಡಿನವರು ಅದಕ್ಕೂ ಬಾರಿಸಿದರು. ಪ್ರಯಾಗಬಾಯಿ ಅತ್ತೆ ತೋಟಿಗೆ ಹೊಸ ಸೀರೆಯ ಚೂರು ಕಟ್ಟಿದ್ದಳು, ಲಗ್ನಕ್ಕೆಂದು ಹಸಿರು. ನೂಲು ಸುತ್ತಿದ ಐದು ತಂಬಿಗೆಗಳ ನಡುವೆ ನಮ್ಮಿಬ್ಬರನ್ನೂ ಕೂಡಿಸಿ ಸುರಗಿಯ ನೀರು ಹಾಕಿದರು. ಭುಜದ ತನಕ ಬಂದು ಮುಗಿಯಿತು. ಬಂದವರೆಲ್ಲರ ಕಾಲಿಗೂ ನೀರು ಸಿಕ್ಕಿತು, ಶೇವಂತಾಬಾಯಿಯವರೇ ಪರಾತದ ಹತ್ತಿರ ನಿಂತಿದ್ದರು. ಹೆಣ್ಣಿನವರು ಯಾರು, ಗಂಡಿನವರು ಯಾರು ಎಂದು ಪಂಕ್ತಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಮಾವ ಎರಡೂ ಪಂಕ್ತಿಯಲ್ಲಿ ಉಂಡರು. "ಎರಡ ಪತ್ರಿಕಿ ಬಂದಾವಲ್ಲ," ಎಂದರು. ಹುಗ್ಗಿ ಬಡಿಸುವ ಹೊತ್ತಿಗೆ ತೋಟಿಯ ಧಾರೆ ನೂಲಿನಷ್ಟು ಸಣ್ಣದಾಗಿತ್ತು. ನನ್ನ ಕಣ್ಣು ಮಂಗಳಸೂತ್ರದ ಮೇಲಲ್ಲ, ಆ ತೋಟಿಯ ಮೇಲೇ. ಕೊನೆಯ ಪಂಕ್ತಿ ಕೈ ತೊಳೆದ ಮೇಲೆ ಅದು ನಿಂತಿತು.

ಇವತ್ತು ಬೆಳಿಗ್ಗೆ ಶೇವಂತಾಬಾಯಿ, ಅಂದರೆ ಅತ್ತಿ, ನನ್ನ ಹಾಸಿಗೆಯ ಗಂಟು ಎತ್ತಿಡಲು ಹೋಗಿ, "ಈ ಹಾಸಿಗಿ ಗಂಟಿನಾಗ ಏನದ ಇಷ್ಟ ವಜ್ಜಾ?" ಎಂದು ಬಿಚ್ಚಿದರು. ನನ್ನ ಎಣ್ಣೆ ಡಬ್ಬಿಗಳು, ಬಾಯಿ ತನಕ ನೀರು.

"ಏನಿದು?"

ಉತ್ತರ ಕೊಡುವ ಮೊದಲೇ ಅವರು ಮಗನ ಕಡೆ ತಿರುಗಿದರು. "ಇಕಿನೂ ನಿನ್ನಂಗೇ ಏನೋ? ಕೊಟ್ಟಿಗ್ಯಾಗ ಕಣಕಿ ಹಿಂದ ಬ್ಯಾರಲ್ ಮುಚ್ಚಿಟ್ಟೀ ಅಲ್ಲಾ, ನನಗ ಗೊತ್ತಿಲ್ಲಂತ ಮಾಡೀಯೇನು?"

ವೈಜಿನಾಥ ಅವರೂ ತಿಂಗಳಿನಿಂದ ತಮ್ಮ ಜಳಕದ ನೀರು ಉಳಿಸಿದ್ದರು.

"ನಿಮ್ಮ ಲೆಕ್ಕದ ಮ್ಯಾಲ ನಿಮಗೇ ನಂಬಿಗಿ ಇದ್ದಿಲ್ಲೇನು?" ಎಂದರು ವೈಜಿನಾಥ.

"ನಿಮಗ ಇತ್ತೇನು?"

"ಲೆಕ್ಕದ ಮ್ಯಾಲ ಪೂರಾ ಇತ್ತು. ಲಗ್ನ ತಪ್ಪಬಾರದು ಅಂತ ಇಟ್ಟಿದ್ದೆ. ನೀ ಯಾಕ ಇಟ್ಟಿದ್ದಿ?"

ನೀ ಎಂದರು. ನಾನು ತಿದ್ದಲಿಲ್ಲ. ಯಾಕೆ ಇಟ್ಟಿದ್ದೆ ಎಂದು ಹೇಳುವ ಬದಲು ಡಬ್ಬಿಗಳ ಮುಚ್ಚಳ ಬಿಗಿಮಾಡತೊಡಗಿದೆ.

ಬ್ಯಾರಲ್‌ನ ನೀರನ್ನು ಅತ್ತಿ ಓಣಿಯ ಮನೆಗಳಿಗೆ ಕೊಡಕೊಡವಾಗಿ ಹಂಚಿದರು. ಡಬ್ಬಿಯ ನೀರನ್ನು ಕಾಯಿಸಿದರು. "ಬಾ ಇಲ್ಲಿ," ಎಂದು ನನ್ನನ್ನು ಹಿತ್ತಲ ಕಲ್ಲಿನ ಮೇಲೆ ಕೂಡಿಸಿ ಜಡೆ ಬಿಚ್ಚಿದರು. ಸೀಗೆಪುಡಿ ಹಚ್ಚಿ, ತಂಬಿಗೆಯ ಮೇಲೆ ತಂಬಿಗೆ, ಬೇಕು ಬೇಡ ಎಂದು ಕೇಳದೆ ಸುರಿದರು. ಎರಡು ತಿಂಗಳ ಉದಗೀರದ ಧೂಳೆಲ್ಲ ಹರಿದು ಬೇವಿನ ಬುಡಕ್ಕೆ ಹೋಯಿತು. ನನಗೆ ಅಳು ಬಂತು. ಇಷ್ಟು ನೀರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಈಗ ಕೂದಲು ಆರಿಸುತ್ತಾ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದೇನೆ. ವೈಜಿನಾಥ ಎಮ್ಮೆಗೆ ಸೂಜಿ ಹಾಕುತ್ತಾ ಸಾಲು ಆಬ್ಜೆಕ್ಟ್‌ಗಳ ಹೊಸ ನಿಯಮವನ್ನು ಇನ್ನೊಮ್ಮೆ ಹೇಳು ಎನ್ನುತ್ತಿದ್ದಾರೆ.

ದಿಗಂಬರ ಸರ್ ಮೆಸೇಜ್ ಬಂತು. ನೀರಿನ ಕೊರತೆಯಿಂದಾಗಿ ವಿದ್ಯಾಪೀಠದವರು ಸೆಮಿನಾರುಗಳನ್ನೆಲ್ಲ ಜುಲೈಗೆ ಹಾಕಿದ್ದಾರಂತೆ, ನಿಮಗೂ ಅನುಕೂಲವಾಯಿತಲ್ಲ ಎಂದು ಬರೆದಿದ್ದಾರೆ. ಏನು ಅನುಕೂಲ? ಹೇಳಿದ ದಿನಕ್ಕೆ ಮಾಡಲು ಇವರಿಗೇನು ಧಾಡಿ? ನೀರಿನ ನೆಪ ಹೇಳಿ ನಿಶ್ಚಯವಾದ ಕೆಲಸ ಮುಂದೂಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.